ಸಾರಿಸಿದ ಕೋರ್ಟು

ನಮ್ಮ ಸರ್ ತೀರಿಕೊಂಡ ಎರಡು ವಾರಕ್ಕೆ ಜಮಖಂಡಿಯ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಮಾತನಾಡಿದ ಏಳು ಜನರಲ್ಲಿ ಐವರು ಅವರನ್ನು "ಮೃದು ಸ್ವಭಾವದವರು" ಎಂದರು. ನಾನು ಮೂರನೆಯ ಸಾಲಿನಲ್ಲಿ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದರು. ಅಳು ಎಲ್ಲಿಯದು, ನಗು ತಡೆದುಕೊಳ್ಳುತ್ತಿದ್ದೆ.

ಮೃದುವಂತೆ! ಮೂವತ್ತು ವರ್ಷ ಆ ಕಾಲೇಜಿನಲ್ಲಿ ಟೆನ್ನಿಸ್ ಕಲಿಸಿದ ಮನುಷ್ಯ ಅವರು. ನಮ್ಮಂಥ ಊರುಗಳ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಧಾರವಾಡದಿಂದ ವಿಶ್ವವಿದ್ಯಾಲಯದ ಕಪ್ ಹೊತ್ತು ತಂದವರು, ಅದೂ ಒಂದೆರಡು ಸಲವಲ್ಲ. ಮೃದು ಸ್ವಭಾವದಿಂದ ಆಗುವ ಕೆಲಸವಲ್ಲ ಅದು. ಅವರು ಹಟಮಾರಿ, ಮುಂಗೋಪಿ, ಒಮ್ಮೊಮ್ಮೆ ಅನ್ಯಾಯ ಮಾಡಿದವರೂ ಹೌದು. ನನಗೇ ಒಂದು ಅನ್ಯಾಯ ಮಾಡಿದ್ದಾರೆ, ಅದನ್ನೂ ಹೇಳುತ್ತೇನೆ. ಸತ್ತವರಿಗೆ ಬೆಣ್ಣೆ ಸವರುವ ಚಾಳಿ ನನಗೆ ಮೊದಲಿನಿಂದಲೂ ಸೇರುವುದಿಲ್ಲ.

ಕೊನೆಗೆ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಎದ್ದರು. ಒಳ್ಳೆಯ ಮನುಷ್ಯರೇ. ಸರ್ ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಹೋಗಿ ನೋಡಿ ಬಂದವರು.

"ಸರ್ ಹೆಸರು ಕಾಯಂ ಉಳೀಬೇಕು," ಎಂದರು. "ಅದಕ್ಕ ಅವ್ರ ಹೆಸರಿನ್ಯಾಗ ಒಂದು ದೊಡ್ಡ ಸಭಾಭವನ ಕಟ್ಟಬೇಕಂತ ಠರಾವು ಮಾಡೇವಿ. ಜಾಗಾನೂ ನಕ್ಕಿ ಆಗೇತಿ. ನಮ್ಮ ಹಳೇ ಟೆನ್ನಿಸ್ ಕೋರ್ಟು. ಬರೂ ಶುಕ್ರವಾರ ಮುಂಜಾನೆ ಭೂಮಿಪೂಜಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲ ಹತ್ತಿರ ಹೂವಿನ ತಟ್ಟೆ ಹಿಡಿದು ನಿಂತಿದ್ದ ಆರು ಹುಡುಗಿಯರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಕಾಲೇಜಿನ ಈಗಿನ ಟೆನ್ನಿಸ್ ತಂಡ. ನಿವೃತ್ತರಾದ ಮೇಲೂ, ಕಾಯಿಲೆ ಬಿದ್ದು ಮಲಗುವ ತನಕ, ಸರ್ ದಿನಾ ಮುಂಜಾನೆ ಬಂದು ಅವರಿಗೆ ಕಲಿಸುತ್ತಿದ್ದರು. ತಮ್ಮ ಸರ್ ಹೆಸರಿನಲ್ಲೇ ತಮ್ಮ ಕೋರ್ಟು ಹೋಗುತ್ತದೆಂದು ಅವರಿಗೆ ಆಗ ತಿಳಿಯಿತು.

ಅದಕ್ಕೇ ಈ ಬರಹದಲ್ಲಿ ನಾನು ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅದನ್ನೂ ಕಲ್ಲಿನಲ್ಲಿ ಕೆತ್ತಿಸಿ ಗೋಡೆಗೆ ಹಚ್ಚಿಯಾರು. ನನಗೆ ಅವರು ಸರ್, ಅಷ್ಟು ಸಾಕು.

ಸರ್ ಗಲಗಲಿಯ ಹೊಳೆದಂಡೆಯವರು. ಕೃಷ್ಣೆಯಲ್ಲಿ ಈಜಿ, ಗರಡಿಯಲ್ಲಿ ಮೈ ಬೆಳೆಸಿದ ಪೈಲವಾನರು. ಕುಸ್ತಿಯಲ್ಲಿ ಬಲಗಿವಿ ಮುರಿದು ಹುಣಸೆಹಣ್ಣಿನ ಉಂಡೆಯಂತೆ ಮುದುರಿಕೊಂಡಿತ್ತು. ಸಿಟ್ಟು ಬಂದಾಗ ಆ ಕಿವಿಯನ್ನೇ ಹಿಡಿದು ತಿರುಚಿಕೊಳ್ಳುತ್ತಿದ್ದರು. ಆ ಕೈ ಕಿವಿಯ ಕಡೆ ಹೊರಟಿತೆಂದರೆ ನಾವು ಕಾಲು ಚುರುಕು ಮಾಡುತ್ತಿದ್ದೆವು.

ಅವರು ದೈಹಿಕ ಶಿಕ್ಷಣದ ನಿರ್ದೇಶಕರಾಗಿ ಕಾಲೇಜಿಗೆ ಬಂದಾಗ ಟೆನ್ನಿಸ್ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಕಾಲೇಜಿನ ಹಿಂದೆ ಸಂಸ್ಥಾನದ ಕಾಲದ ಒಂದು ಕೋರ್ಟು ಇತ್ತು. ಇತ್ತು ಅಂದರೆ, ಅದರ ಮೇಲೆ ಜೋಳದ ಕಣಿಕೆಯ ಬಣವೆ ಇತ್ತು, ಬಣವೆಯ ಆಚೀಚೆ ಒಂದೊಂದು ಕಬ್ಬಿಣದ ಕಂಬ. ಇವು ಯಾತಕ್ಕೆ ಎಂದು ಸರ್ ಕೇಳಿದರೆ ಕಾಲೇಜಿನ ಸಿಪಾಯಿ, "ಎಮ್ಮಿ ಕಟ್ಟಾಕ್ರಿ" ಎಂದನಂತೆ. ಊರಿನಲ್ಲಿ ಸಂಸ್ಥಾನದ ಕಚೇರಿಯ ಹಳೆಯ ಗುಮಾಸ್ತರೊಬ್ಬರಿದ್ದರು. ಅರಮನೆಯ ದೊಡ್ಡವರು ಆಡುವುದನ್ನು ಪ್ರಾಯವೆಲ್ಲ ನೋಡಿದವರು. ಸರ್ ಅವರನ್ನು ಕುರ್ಚಿ ಸಮೇತ ತಂದು ಕಂಬದ ಪಕ್ಕ ಕೂಡಿಸಿ, ಅವರ ಬಾಯಿಂದ ಟೆನ್ನಿಸ್ ಕಲಿತರು. ಕಲಿತದ್ದು ಕಣ್ಣಿಗೆ ಮಾತ್ರ, ಕೈಗೆ ಹತ್ತಲೇ ಇಲ್ಲ. ಅವರು ರ‍್ಯಾಕೆಟ್ ಹಿಡಿದರೆ ಹೊಲದಲ್ಲಿ ಸಲಿಕೆ ಹಿಡಿದಂತೆ ಕಾಣುತ್ತಿತ್ತು. ಆದರೆ ಎದುರಿಗಿದ್ದವರ ಕಾಲು ಎಲ್ಲಿ ತಪ್ಪುತ್ತದೆ ಎಂಬುದು ಪೈಲವಾನನ ಕಣ್ಣಿಗೆ ಕಂಡಂತೆ ಇನ್ನಾರಿಗೂ ಕಾಣಲಿಕ್ಕಿಲ್ಲ.

ಕೋರ್ಟಿಗೆ ಅವರು ಗರಡಿಯ ಕಟ್ಟಳೆಯನ್ನೇ ತಂದರು. ಚಪ್ಪಲಿ ಹೊರಗೆ. ಒಳಗೆ ಬರುವಾಗ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು. ಎಲ್ಲಕ್ಕಿಂತ ಮೊದಲು, ಆಡುವವರೇ ನೆಲ ಸಾರಿಸಬೇಕು. ಕೆಂಪು ಮಣ್ಣು ಹಾಸಿ, ರೋಲರ್ ಎಳೆದು, ಮೇಲೆ ತೆಳ್ಳಗೆ ಸಗಣಿ ಸಾರಿಸಿದರೆ ನೆಲ ಗಟ್ಟಿ ಕೂಡುತ್ತದೆ, ಚೆಂಡು ಒಂದೇ ಸಮ ಪುಟಿಯುತ್ತದೆ. ಗೆರೆಗಳಿಗೆ ಸುಣ್ಣವಲ್ಲ, ರಂಗೋಲಿ ಪುಡಿ. ನಾವು ಬರಿಗಾಲಲ್ಲಿ ಆಡುತ್ತಿದ್ದೆವು, ಸುಣ್ಣ ಕಾಲು ಸುಡುತ್ತಿತ್ತು. ವಾರಕ್ಕೆರಡು ಸಲ, ಮುಂಜಾನೆ ಪಾಠಕ್ಕೆ ಮೊದಲು, ಹುಡುಗರೂ ಹುಡುಗಿಯರೂ ಬಕೀಟು ಹಿಡಿದು ಸಾಲಾಗಿ ಕೂತು ಹಿಂದೆ ಹಿಂದೆ ಸರಿಯುತ್ತ ಸಾರಿಸುತ್ತಿದ್ದೆವು.

"ಮಣ್ಣಿಗೆ ಕೈ ಹಚ್ಚದವ ಮಣ್ಣಿನ ಮ್ಯಾಲ ಆಡಂಗಿಲ್ಲ," ಎನ್ನುತ್ತಿದ್ದರು ಸರ್. "ನೆಲಾ ಎಲ್ಲೆಲ್ಲಿ ಏರೈತಿ, ಎಲ್ಲೆಲ್ಲಿ ಇಳದೈತಿ, ಕೈಗೆ ಗೊತ್ತಾಗಲಿ. ಆಮ್ಯಾಲ ಕಾಲಿಗೆ ನಾ ಹೇಳೂದ ಬ್ಯಾಡ."

ಊರು ಅವರನ್ನು 'ಹೆಂಡಿ ಸರ್' ಎಂದು ಕರೆಯಿತು. ನಮ್ಮ ಕಡೆ ಸಗಣಿಗೆ ಹೆಂಡಿ ಅನ್ನುತ್ತೇವೆ. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. "ಹೌದಲ್ಲ, ಮತ್ತೇನು ಅತ್ತರ್ ಸರ್ ಅನ್ನಬೇಕಿತ್ತೇನು?" ಎಂದು ನಕ್ಕಿದ್ದರು.

ನಾನು ಬನಹಟ್ಟಿಯ ನೇಕಾರರ ಮಗಳು. ಮುಂಜಾನೆ ಎರಡು ತಾಸು ಮಗ್ಗದಲ್ಲಿ ಕೂತು, ಆಮೇಲೆ ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾನು ಬಸ್ಸಿಗೆ ಓಡುವುದನ್ನು ಎಲ್ಲಿ ನೋಡಿದ್ದರೋ ಏನೋ, ಒಂದು ಆದಿತ್ಯವಾರ ಸರ್ ನನ್ನನ್ನು ಟೆನ್ನಿಸ್ ತಂಡಕ್ಕೆ ಕೇಳಲು ನಮ್ಮ ಮನೆಗೆ ಬಂದರು. ಅಪ್ಪ ಮರ್ಯಾದೆಯಿಂದಲೇ ಕೂಡಿಸಿ, ಚಹಾ ಕೊಟ್ಟು, ಆಗುವುದಿಲ್ಲ ಎಂದು ಹೇಳಿದ.

"ಹೆಣ್ಣ ಹುಡುಗಿ ಬಯಲಾಗ ಓಡ್ಯಾಡಿ ಆಡೂದಂದ್ರ ಮಂದಿ ಏನಂತಾರ್ರಿ ಸರ?"

ಸರ್ ಮಗ್ಗದ ಕಡೆ ತಿರುಗಿದರು. ನಾನು ಮಗ್ಗದಲ್ಲಿ ಕೂತಿದ್ದೆ. ಲಾಳಿ ಎಡಕ್ಕೂ ಬಲಕ್ಕೂ ಓಡುವುದನ್ನು ತುಂಬ ಹೊತ್ತು ನೋಡಿದರು. "ಯಜಮಾನ್ರ, ಈಕಿಗೆ ಈ ಕೈ ಕಲಿಸಿದವರು ಯಾರು?" ಎಂದು ಕೇಳಿದರು. "ನಾನರಿ," ಎಂದ ಅಪ್ಪ. "ಹಂಗಾದ್ರ ಅರ್ಧಾ ಟೆನ್ನಿಸ್ ನೀವ ಕಲಿಸೀರಿ. ಉಳಿದರ್ಧಾ ನನಗ ಬಿಡ್ರಿ." ಅಪ್ಪ ಎದೆ ಉಬ್ಬಿಸಿಕೊಂಡು ಕೂತ. ಸರ್ ಎದ್ದು ಹೋಗುವ ಹೊತ್ತಿಗೆ, ಮಗಳನ್ನು ಕಳಿಸುವುದಷ್ಟೇ ಅಲ್ಲ, ಕೋರ್ಟಿನ ಹರಿದ ನೆಟ್ಟಿಗೆ ಬದಲು ಹೊಸದನ್ನು ತಾನೇ ಹೆಣೆದು ಕೊಡುವುದಾಗಿಯೂ ಒಪ್ಪಿಕೊಂಡಿದ್ದ.

ಆ ನೆಟ್ಟಿನ ಕಥೆ ನಮ್ಮ ಊರಿನವರಿಂದ ಮಾತ್ರ ಆಗುವಂಥದ್ದು. ಅಪ್ಪ, ನಮ್ಮ ಕಾಕಾ ಕೂಡಿ ಹುರಿಹಾಕಿದ ನೂಲಿನಲ್ಲಿ ಹದಿನೈದು ದಿನ ಹೆಣೆದರು. ಹೆಣೆದ ಮೇಲೆ, ಮಗ್ಗದ ಹಾಸುನೂಲಿಗೆ ಹಾಕುವಂತೆ ಅದಕ್ಕೂ ಗಂಜಿ ಹಾಕಿದರು. ತಾವೇ ಜಮಖಂಡಿಗೆ ಬಂದು ಎರಡು ಕಂಬಗಳ ನಡುವೆ ಬಿಗಿದು ಕಟ್ಟಿದರು. ಟೆನ್ನಿಸ್ ನೆಟ್ಟು ಬದಿಯಲ್ಲಿ ಎತ್ತರವಿದ್ದು ನಡುವೆ ಅರ್ಧ ಅಡಿ ಇಳಿದಿರಬೇಕು. ಅಪ್ಪನ ನೆಟ್ಟು ಈ ಕಂಬದಿಂದ ಆ ಕಂಬದ ತನಕ ಗೆರೆ ಎಳೆದಂತೆ ನಿಂತಿತು.

"ನೋಡ್ರಿ ಸರ," ಎಂದ ಅಪ್ಪ. "ಹಾಸು ಜೋತು ಬಿದ್ರ ನೇಕಾರನ ಮರ್ಯಾದಿ ಹೋತು. ಇದರ ಮ್ಯಾಲ ಲಾಳಿ ಓಡಿಸಬಹುದು."

ನಡುವೆ ಇಳಿಯಬೇಕಿತ್ತು ಎಂದು ಹೇಳಲು ಸರ್ ಬಾಯಿ ತೆರೆದರು. ಅಪ್ಪನ ಮುಖ ನೋಡಿದರು. ಮತ್ತೆ ಬಾಯಿ ಮುಚ್ಚಿಕೊಂಡು, "ಭಾಳ ಛಲೋ ಆತ್ರಿ," ಎಂದರು. ಮರುವಾರ ಗಂಜಿಯ ವಾಸನೆಗೆ ಒಂದು ಆಡು ಬಂದು ನೆಟ್ಟಿನ ಮೂಲೆ ತಿಂದಿತು. ಅಪ್ಪ ಬಂದು ಮೂಲೆ ಹೆಣೆದು, ಮತ್ತೆ ಗಂಜಿ ಹಚ್ಚಿ, ಮತ್ತಷ್ಟು ಬಿಗಿದು ಹೋದ. ಒಂದು ವರ್ಷ ಪೂರ್ತಿ ನಾವು ನಡುವೆ ಅರ್ಧ ಅಡಿ ಹೆಚ್ಚು ಎತ್ತರವಿದ್ದ ನೆಟ್ಟಿನ ಮೇಲೆ ಆಡಿದೆವು.

ಆ ವರ್ಷ ಧಾರವಾಡಕ್ಕೆ ಹೋದಾಗ ಏನಾಯಿತೆಂದು ಬೇರೆ ಹೇಳಬೇಕೆ? ಅಲ್ಲಿಯ ನೆಟ್ಟು ನಡುವೆ ಇಳಿದಿತ್ತು, ಇರಬೇಕಾದ ಹಾಗೆಯೇ. ನಾವು ಹೊಡೆದ ಚೆಂಡುಗಳೆಲ್ಲ ಮೇಲೆದ್ದು ಗೆರೆ ದಾಟಿ ಹಿಂದಿನ ತಂತಿಬೇಲಿಗೆ ಹೋಗಿ ಬಿದ್ದವು. ಮೊದಲನೆಯ ಸುತ್ತಿನಲ್ಲೇ ಸೋತೆವು. ಬಿಳಿ ಬೂಟು ಹಾಕಿಕೊಂಡ ದೊಡ್ಡ ಊರಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು, "ನೆಟ್ ಇಳಸ್ರಿ ಅಂತ ಅಪ್ಪಗ ಹೇಳ್ರಿ ಸರ್," ಎಂದೆ.

"ನಾ ಹೇಳಂಗಿಲ್ಲ ಬೇ. ಹದಿನೈದು ದಿನ ಕುಂತು ಹೆಣದಾನ. ನೀ ಹೇಳ್ತೀಯೇನು?"

ನಾನೂ ಹೇಳುವಂತಿರಲಿಲ್ಲ. ಸರ್ ತಾವೇ ದಾರಿ ತೆಗೆದರು. "ಇರಲಿ ಬಿಡು. ವರ್ಷೆಲ್ಲಾ ಎತ್ತರಕ್ಕ ಆಡ್ರಿ. ಹೋಗೂ ಮುಂದ ಹದಿನೈದು ದಿನ ನಡುವ ದಾರ ಹಾಕಿ ಇಳಸೂಣು. ಎತ್ತರ ದಾಟಿದವರಿಗೆ ತಗ್ಗು ದಾಟೂದು ಕಲಿಸೂದು ನನ್ನ ಕೆಲಸ."

ಮುಂದಿನ ವರ್ಷ ಹಾಗೇ ಮಾಡಿದೆವು. ಹದಿನೈದು ದಿನ ಚೆಂಡನ್ನು ಕೆಳಗೆ ತಂದು, ನೆಟ್ಟಿನ ನೆತ್ತಿ ಸವರಿಕೊಂಡು ಹೋಗುವಂತೆ ಹೊಡೆಸಿದರು. ಧಾರವಾಡದಲ್ಲಿ ಅಂಪೈರು ಈ ಸಲ ನಮ್ಮ ಬರಿಗಾಲಿಗೆ ತಕರಾರು ತೆಗೆದರು. ಸರ್ ನಿಯಮದ ಪುಸ್ತಕವನ್ನು ಅವರ ಮೇಜಿನ ಮೇಲೆ ಇಟ್ಟರು. "ಬೂಟು ಹಾಕ್ಕೋಬೇಕಂತ ಎಲ್ಲೈತಿ ತೋರಸ್ರಿ. ನೀವು ಹುಡುಕೂತನಕ ನಮ್ಮ ಹುಡುಗ್ಯಾರು ಆಡ್ತಿರ್ತಾರ." ಅವರು ಹುಡುಕುತ್ತಲೇ ಇದ್ದರು. ನಾವು ಕಪ್ ಗೆದ್ದೆವು. ಅಪ್ಪ ಸಾಯುವ ತನಕ ಊರವರಿಗೆ ಹೇಳುತ್ತಿದ್ದ: "ಧಾರವಾಡದಾಗ ನೆಟ್ ಜೋತು ಬಿದ್ದಿತ್ತಂತ. ಅಷ್ಟ ದೊಡ್ಡ ಊರಾಗ ಹೆಣಿಯವರಿಲ್ಲ ನೋಡ್ರಿ."

ಗೆದ್ದಾಗ ಸರ್ ಚಪ್ಪಾಳೆ ತಟ್ಟುತ್ತಿರಲಿಲ್ಲ. ಕಪ್‌ಗಳನ್ನು ಪ್ರಾಚಾರ್ಯರ ಕೋಣೆಯ ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಸರ್ ಅದರ ಕಡೆ ತಿರುಗಿ ನೋಡಿದ್ದನ್ನು ನಾನು ಕಾಣೆ. ನಾವು ತಪ್ಪು ಹೊಡೆದು 'ಸಾರಿ ಸರ್' ಎಂದರೆ, "ಮಾಫಿ ಕೇಳಬ್ಯಾಡ, ಕಾಲು ಸರಸು," ಎನ್ನುತ್ತಿದ್ದರು. ಒಮ್ಮೆ ನಮ್ಮನ್ನೆಲ್ಲ ಮುಧೋಳದ ಆಚೆ ತಿಮ್ಮಾಪುರದ ಕಡೆಯ ಒಂದು ಹೊಲಕ್ಕೆ ಕರೆದುಕೊಂಡು ಹೋದರು, ಬೇಟೆನಾಯಿ ಓಡುವುದನ್ನು ತೋರಿಸಲು. ಮೊಲ ಎದ್ದಿತು. ನಾಯಿ ಅದರ ಬೆನ್ನು ಹತ್ತಲಿಲ್ಲ, ಅದು ಹೊರಳುವ ಕಡೆಗೆ ಅಡ್ಡ ಹೋಯಿತು. "ಕಂಡ್ರಿಲ್ಲೋ?" ಎಂದರು ಸರ್. "ಚೆಂಡಿನ ಹಿಂದ ಓಡಬ್ಯಾಡ್ರಿ. ಅದು ಎಲ್ಲಿ ಬರತೈತಿ ಅಲ್ಲಿ ಹೋಗಿ ನಿಲ್ರಿ." ಹೊಲದ ಯಜಮಾನ, ಕಾಲೇಜಿನವರು ನಾಯಿಯ ಹತ್ತಿರ ಪಾಠಕ್ಕೆ ಬಂದಿದ್ದಾರೆಂದು ಊರಿಗೆಲ್ಲ ಸಾರಿದ.

ಈಗ ಅನ್ಯಾಯದ ಮಾತು.

ನನ್ನ ಮೂರನೆಯ, ಕೊನೆಯ ವರ್ಷ. ಹೊಸ ತಹಶೀಲ್ದಾರರು, ನಮ್ಮ ಕಡೆಯ ಮಾತಿನಲ್ಲಿ ಮಾಮಲೇದಾರರು, ವರ್ಗವಾಗಿ ಬಂದರು. ಅವರ ಮಗಳು ಉಷಾ ನಮ್ಮ ತಂಡಕ್ಕೆ ಬಂದಳು. ಬೆಳಗಾವಿಯ ಕ್ಲಬ್ಬಿನಲ್ಲಿ ಆಡಿ ಬಂದವಳು. ಅವಳ ಹೊಡೆತ ನೋಡಿ ನನಗೆ ಹೊಟ್ಟೆಕಿಚ್ಚೂ ಆಯಿತು, ಖುಷಿಯೂ ಆಯಿತು. ಅವಳು, ನಾನು, ಬೀಳಗಿಯ ಅಕ್ಕತಂಗಿಯರಾದ ಶಾಂತಾ ಮತ್ತು ಗಂಗಾ, ಹೀಗೆ ನಾಲ್ಕು ಜನ. ಕಪ್ ಮತ್ತೆ ನಮ್ಮದೇ ಎಂದು ಊರೆಲ್ಲ ಮಾತಾಡಿತು. ಉಷಾ ಒಂದು ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಸಾರಿಸುವ ದಿನ ತನ್ನ ಬದಲು ಮನೆಯ ಆಳು ಹೆಂಗಸನ್ನು ಕಳಿಸುತ್ತಿದ್ದಳು. ಸರ್ ಕಿವಿ ತಿರುಚಿಕೊಂಡು ಸುಮ್ಮನಿದ್ದರು. ಅವರ ಕಟ್ಟಳೆ ಯಾರಿಗಾದರೂ ಬಗ್ಗಿದ್ದು ಅದೇ ಮೊದಲು. ಒಳ್ಳೆಯ ಆಟದ ಆಸೆ ಅವರಿಗೂ ಇತ್ತು.

ಅದೇ ಹೊತ್ತಿಗೆ ಆಗಿನ ಆಡಳಿತ ಮಂಡಳಿಯವರು ಕೋರ್ಟಿನ ಮೇಲೆ ಹೊಸ ಕೋಣೆಗಳನ್ನು ಕಟ್ಟಲು ನಿರ್ಧರಿಸಿದರು. ಪಕ್ಕದಲ್ಲೇ ಖಾಲಿ ಜಾಗವಿತ್ತು, ಆದರೆ ಅದು ತಗ್ಗು, ತುಂಬಿಸಬೇಕಿತ್ತು. ಕೋರ್ಟಿನ ನೆಲ ಗಟ್ಟಿ, ಮಟ್ಟಸ. ನಾವು ಸಾರಿಸಿ ಸಾರಿಸಿ ಗಟ್ಟಿ ಮಾಡಿದ ನೆಲವೇ ಅವರಿಗೆ ಅಡಿಪಾಯಕ್ಕೆ ಸಲೀಸಾಗಿ ಕಂಡಿತು. ಸರ್ ಅರ್ಜಿ ಕೊಟ್ಟರು, ಉತ್ತರ ಬರಲಿಲ್ಲ. ಮಂಡಳಿಯ ಆಳುಗಳು ಬಂದು ಕೋರ್ಟಿನ ಸುತ್ತಲೂ ಮೊಳೆ ಹೊಡೆದು ದಾರ ಕಟ್ಟಿ ಹೋದರು.

ಅಗೆಯುವ ದಿನ ಮುಂಜಾನೆ ನಾವು ಎಂದಿನಂತೆ ಕೋರ್ಟು ಸಾರಿಸಿ ರಂಗೋಲಿ ಪುಡಿಯ ಗೆರೆ ಎಳೆದಿದ್ದೆವು. ಗುದ್ದಲಿ, ಹಾರಿ ಹೊತ್ತ ಆಳುಗಳೊಂದಿಗೆ ಗೌಂಡಿ ಬಂದ. ಕಲ್ಲು ಕಟ್ಟುವುದರಲ್ಲಿ ಹೆಸರಾದ ಮುದುಕ. ಅಂಚಿಗೆ ಬಂದವನೇ ನಿಂತುಬಿಟ್ಟ. ಚಪ್ಪಲಿ ಕಳಚಿ ಹಿಂದೆ ಸರಿಸಿದ.

"ಹಸಿ ಸಾರಣಿ ಮ್ಯಾಲ, ರಂಗೋಲಿ ಮ್ಯಾಲ ಹಾರಿ ಹಾಕಂಗಿಲ್ರಿ ನಾ," ಎಂದ. "ನಮ್ಮಪ್ಪ ಹಾಕಿಲ್ಲ, ನಾನೂ ಹಾಕಿಲ್ಲ."

ಸರ್‌ಗೂ ಇದು ಹೊಳೆದಿರಲಿಲ್ಲ ಎಂದು ನನ್ನ ನಂಬಿಕೆ. ಆದರೆ ಪೈಲವಾನನಿಗೆ ಪಟ್ಟು ಸಿಕ್ಕರೆ ಬಿಟ್ಟಾನೆಯೆ? ಕೈಮುಗಿದು ಹೇಳಿದರು: "ಇನ್ನೂ ಹಸಿ ಐತ್ರಿ. ನಾಳೆ ಬರ್ರಿ."

ಮರುದಿನ ನಸುಕಿನಲ್ಲೇ ಮತ್ತೆ ಸಾರಿಸಿದೆವು. ಗೌಂಡಿ ಬಂದ, ನೋಡಿದ. "ಇನ್ನೂ ಹಸಿ ಐತ್ರಿ, ನಾಳೆ ಬರ್ರಿ." ಮೂರನೆಯ ದಿನ, ನಾಲ್ಕನೆಯ ದಿನ ಅದೇ. ನಾನೂ ಬೀಳಗಿಯ ಅಕ್ಕತಂಗಿಯರೂ ಸರ್ ಮನೆಯಲ್ಲೇ ಉಳಿದುಕೊಂಡೆವು. ಸರ್ ಹೆಂಡತಿಯನ್ನು ನಾವು ಅಕ್ಕಾ ಎನ್ನುತ್ತಿದ್ದೆವು. ಅಕ್ಕ ಓಣಿಯಲ್ಲಿದ್ದ ದನದ ಮನೆಗಳಿಗೆಲ್ಲ ಹೋಗಿ ಹೆಂಡಿ ಕೂಡಿಸಿ ತರುತ್ತಿದ್ದರು. ಆಗಿನ ಅಧ್ಯಕ್ಷರು ಗೌಂಡಿಯನ್ನು ಗದರಿಸಿದರು. ಬೇರೆಯವರನ್ನು ಕರೆಸಿದರು. ಹಿರಿಯ ಬೇಡವೆಂದ ಕೆಲಸಕ್ಕೆ ಕೈ ಹಾಕಲು ಅವರೂ ಬರಲಿಲ್ಲ.

ಐದನೆಯ ದಿನ ಗೌಂಡಿ ಮುಂಚೆಯೇ ಬಂದು, ನಾವು ಸಾರಿಸುವುದನ್ನು ನೋಡುತ್ತ ಕೂತ. ಉಷಾಳ ಮನೆಯ ಆಳಿನ ಕಡೆ ಬೆರಳು ಮಾಡಿದ.

"ಸರ, ಈಕಿ ನಿಮ್ಮಲ್ಲಿ ಆಡೂ ಹುಡುಗಿ ಏನ್ರಿ?"

"ಅಲ್ಲ," ಎಂದರು ಸರ್.

"ಹಂಗಾದ್ರ ಕೇಳ್ರಿ. ಮನಿ ಮಕ್ಕಳು ಸಾರಿಸಿದ ನೆಲಾ ಆದ್ರ ನಾ ಮುಟ್ಟಂಗಿಲ್ಲ. ಆಳು ಸಾರಿಸಿದ್ರ ಅದು ಕೂಲಿ. ನಂದೂ ಕೂಲಿ. ಕೂಲಿ ಮ್ಯಾಲ ಕೂಲಿ ಮಾಡಾಕ ನನಗೇನು ತ್ರಾಸಿಲ್ಲ."

ಹೇಳಿ ಎದ್ದು ಹೋದ. ಅಂದು ಸಂಜೆ ಸರ್ ಉಷಾಳನ್ನು ಕರೆದರು. ನಾನು ಅಲ್ಲೇ ಇದ್ದೆ.

"ನಾಳಿಂದ ನೀನ ಸಾರಸಬೇಕು ತಂಗಿ."

"ನನಗೆ ಆಗೋದಿಲ್ಲ ಸರ್. ಮಾಮಲೇದಾರರ ಮಗಳು ಸಗಣಿ ಕಲಸ್ತಾಳೆ ಅಂತ ಊರೆಲ್ಲ ನಗ್ತದೆ. ಅಪ್ಪ ಏನಂತಾರೆ? ನಾನು ಆಡೋದಕ್ಕೆ ಬಂದಿರೋದು."

"ಸಾರಸದಿದ್ರ ಆಡೂದೂ ಇಲ್ಲ."

"ಹಾಗಾದ್ರೆ ಬೇಡ ಬಿಡಿ," ಎಂದು ರ‍್ಯಾಕೆಟ್ ತಗೊಂಡು ಹೋದಳು. ಧಾರವಾಡದ ಪಂದ್ಯಕ್ಕೆ ಒಂಬತ್ತು ದಿನ ಉಳಿದಿತ್ತು.

ನಾನು ಸರ್ ಜೊತೆ ಜಗಳಾಡಿದೆ, ಅತ್ತೆ, ಉಣ್ಣದೆ ಕೂತೆ. ಮುಂಜಾನೆ ಮಾತ್ರ ಬಕೀಟು ಹಿಡಿದು ಹೋದೆ. ಉಷಾಳ ಪಾಲಿನ ನೆಲವನ್ನು ಸರ್ ತಾವೇ ಕೂತು ಸಾರಿಸಿದರು. ಹುಡುಗರ ತಂಡದವರೂ ದಿನಾ ಬರತೊಡಗಿದರು. ಹನ್ನೆರಡನೆಯ ದಿನ ಗೌಂಡಿ ಬಂದವನು, ಯಾರನ್ನೂ ಕೇಳದೆ, ಮೊಳೆಗಳನ್ನು ಒಂದೊಂದಾಗಿ ಕಿತ್ತು ಪಕ್ಕದ ತಗ್ಗಿನಲ್ಲಿ ಹೊಡೆದ. "ತುಂಬಸೂಣ್ರಿ ಇದನ್ನ. ನಾಕು ದಿನದ ಕೆಲಸ. ಇದಕ್ಕ ಇಷ್ಟ ರಗಳಿ ಯಾಕ?" ಎಂದ. ಆ ಜಾಗವನ್ನು ತಾವೇ ಸೂಚಿಸಿದ್ದಾಗಿ ಅಧ್ಯಕ್ಷರು ಮುಂದೆ ಭಾಷಣದಲ್ಲಿ ಹೇಳಿದರು. ಸರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಅವರ ಚಪ್ಪಾಳೆ ಕೇಳಿದ್ದು ಅದೊಂದೇ ಸಲ.

ಧಾರವಾಡದಲ್ಲಿ ಉಷಾ ಆಡಬೇಕಾಗಿದ್ದ ಮೊದಲನೆಯ ಸಿಂಗಲ್ಸ್ ನಾನು ಆಡಿದೆ. ಫೈನಲ್ ತನಕ ಹೋದೆವು, ಫೈನಲ್‌ನಲ್ಲಿ ನಾನೇ ಸೋತೆ. ತಿರುಗಿ ಬರುವಾಗ ಬಸ್ಸಿನಲ್ಲಿ ಸಿಟ್ಟು ತಡೆಯಲಾಗಲಿಲ್ಲ.

"ಒಂದು ಬಕೀಟು ಹೆಂಡಿ ಸಲುವಾಗಿ ಕಪ್ ಕಳದ್ರಿ ಸರ್."

"ಕಪ್ ಮುಂದಿನ ವರ್ಷ ಬರತೈತಿ. ನೆಲಾ ಹ್ವಾದ್ರ ಬರಂಗಿಲ್ಲ."

"ನನಗ ಮುಂದಿನ ವರ್ಷ ಇಲ್ರಿ."

ಅವರ ಕೈ ಕಿವಿಗೂ ಹೋಗಲಿಲ್ಲ. ಜಮಖಂಡಿ ಬರುವ ತನಕ ತಲೆ ತಗ್ಗಿಸಿ ಕೂತಿದ್ದರು. ಮುಂದಿನ ವರ್ಷ ಕಪ್ ಬಂತು, ಆಮೇಲೂ ಎಷ್ಟೋ ಸಲ ಬಂತು. ಯಾವುದರಲ್ಲೂ ನಾನಿರಲಿಲ್ಲ. ರಬಕವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದವು. ಸರ್ ಮೇಲಿನ ಸಿಟ್ಟು ಮಾತ್ರ ಹೋಗಲಿಲ್ಲ. ಅವರು ನಿವೃತ್ತರಾದ ದಿನ ಹಾರ ಹಾಕಲು ಹೋದಾಗ ಪಕ್ಕಕ್ಕೆ ಕರೆದು ಹೇಳಿದರು: "ಆ ವರ್ಷದ್ದು ನನಗ ನೆನಪೈತಿ ಬೇ. ನಿನ್ನ ಕಡಿಂದ ನೋಡಿದ್ರ ನಾ ತಪ್ಪು ಮಾಡೇನಿ. ಕೋರ್ಟಿನ ಕಡಿಂದ ನೋಡಿದ್ರ ಮಾಡಿಲ್ಲ." ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟು ಅಲ್ಲೇ ಇಳಿದುಹೋಯಿತು. ಹಾರ ಹಾಕುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡು ಬಂದೆ.

ಅಂಥ ಮನುಷ್ಯನ ಹೆಸರು ಉಳಿಸಲು ಆ ಕೋರ್ಟನ್ನೇ ಅಗೆಯುತ್ತಾರಂತೆ.

ಸಭೆ ಮುಗಿದ ಮೇಲೆ ಅಧ್ಯಕ್ಷರ ಹತ್ತಿರ ಹೋದೆ. "ಆ ಕೋಣಿಗಳ ಆಚಿ ಕಡೆ ಬೇರೆ ಜಾಗಾ ಐತ್ರಿ," ಎಂದೆ. "ಈಗ ಅಲ್ಲಿ ಯಾರು ಆಡ್ತಾರ್ರಿ ಬಾಯಾರ? ಸರ್ ಮಲಗಿದಾಗಿಂದ ಹುಲ್ಲು ಬೆಳದೈತಿ. ಸರ್ ಹೆಸರಿನ ಕೆಲಸ, ನೀವ ಅಡ್ಡ ಬಂದ್ರ ಹೆಂಗ?" ಎಂದರು. ಆರು ಹುಡುಗಿಯರು ಹೂವಿನ ತಟ್ಟೆ ಹಿಡಿದುಕೊಂಡು ಕೇಳಿಸಿಕೊಳ್ಳುತ್ತಿದ್ದರು. ಅಲ್ಲಿಂದ ಸೀದಾ ಅಕ್ಕನ ಮನೆಗೆ ಹೋದೆ.

ಅಕ್ಕ ಗೋಡೆಗೊರಗಿ ಕೂತಿದ್ದರು. "ಗ್ವಾಡಿಗೆ ಹೆಸರ ಹಚ್ಚಿದ್ರ ಅವ್ರೇನು ಬಂದು ಕುಂದರ್ತಾರ ಅಲ್ಲಿ?" ಎಂದರು. ಎದ್ದು ಹಿತ್ತಲಿಗೆ ಹೋಗಿ ಮೂರು ತಗಡಿನ ಬಕೀಟು ತಂದು ನನ್ನ ಮುಂದೆ ಇಟ್ಟರು. ಒಳಗೆ ಹಳೆಯ ಸಗಣಿಯ ಕಲೆ ಇನ್ನೂ ಇತ್ತು.

ಬೀಳಗಿಗೆ ಹೇಳಿ ಕಳಿಸಿದೆ. ಶಾಂತಾ, ಗಂಗಾ ಗುರುವಾರ ಮುಂಜಾನೆಯ ಬಸ್ಸಿಗೆ ಬಂದರು. ಶಾಂತಾಳಿಗೆ ಮೊಣಕಾಲು ನೋವು, ಗಂಗಾ ಆಗಲೇ ಅಜ್ಜಿಯಾಗಿದ್ದಾಳೆ. ಆರು ಹುಡುಗಿಯರನ್ನು ಕರೆದುಕೊಂಡು ಹುಲ್ಲು ಕಿತ್ತೆವು, ಬಿರುಕಿಗೆ ಮಣ್ಣು ತುಂಬಿದೆವು, ತುಕ್ಕು ಹಿಡಿದ ರೋಲರ್ ಎಳೆದೆವು. ಶುಕ್ರವಾರ ನಸುಕಿನಲ್ಲಿ ಸಾರಿಸಲು ಕೂತೆವು. ಹಿಂದೆ ಹಿಂದೆ ಸರಿಯುವುದನ್ನು ಮೊಣಕಾಲು ಮರೆತಿತ್ತು, ಕೈ ಮರೆತಿರಲಿಲ್ಲ. ಒಂದು ಮೂಲೆ ಉಳಿದಿತ್ತು.

ಆಗ ಕಾರು ಬಂದು ನಿಂತಿತು. ಭೂಮಿಪೂಜೆಗೆ ಮುಖ್ಯ ಅತಿಥಿ. ಉಷಾ! ಅವಳು ಇದೇ ಊರಿನ ವಕೀಲರನ್ನು ಮದುವೆಯಾಗಿ ಇಲ್ಲೇ ನೆಲೆಸಿದ್ದಾಳೆ. ಮಂಡಳಿಯವರು, ಸರ್ ಕೈಯಲ್ಲಿ ಆಡಿದ ಅತ್ಯುತ್ತಮ ಆಟಗಾರ್ತಿ ಎಂದು ಆಮಂತ್ರಣದಲ್ಲಿ ಅವಳ ಹೆಸರು ಹಾಕಿದ್ದರು. ರೇಷ್ಮೆ ಸೀರೆ ಉಟ್ಟು ಅಂಚಿನಲ್ಲಿ ನಿಂತಳು. ನಮ್ಮನ್ನು ನೋಡಿದಳು. ಉಳಿದ ಮೂಲೆಯನ್ನು ನೋಡಿದಳು. ಅದು ಹಿಂದೆ ಅವಳ ಆಳು ಸಾರಿಸುತ್ತಿದ್ದ ಮೂಲೆ.

ನನಗೆ ಅವಳನ್ನು ಕಂಡರೆ ಇವತ್ತಿಗೂ ಅಷ್ಟಕ್ಕಷ್ಟೇ. "ಪೂಜಿ ಮಾಡಾಕ ಬಂದೀಯೇನು?" ಎಂದೆ.

ಅವಳು ಚಪ್ಪಲಿ ಬಿಟ್ಟಳು. ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಳೆ ಹಿಂದಕ್ಕೆ ಸರಿಸಿ, ನನ್ನ ಬಕೀಟಿನೊಳಗೆ ಎರಡೂ ಕೈ ಇಳಿಸಿದಳು. ಸಾರಿಸಲು ಅವಳಿಗೆ ಬರುತ್ತಿರಲಿಲ್ಲ. ದಪ್ಪ ದಪ್ಪ ಬಿತ್ತು, ಗೆರೆ ಗೆರೆ ಎದ್ದಿತು. ಇವತ್ತಿನ ದಿನ ಸರ್ ಇದ್ದಿದ್ದರೆ ಕಿವಿ ಹರಿದುಕೊಳ್ಳುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ. ಹುಡುಗಿಯರು ರಂಗೋಲಿ ಪುಡಿಯಲ್ಲಿ ಗೆರೆ ಎಳೆದು ಮುಗಿಸಿದರು.

ಒಂಬತ್ತಕ್ಕೆ ಅಧ್ಯಕ್ಷರು, ಪೂಜೆಯವರು, ಗುದ್ದಲಿ ಹೊತ್ತ ಆಳುಗಳು, ಅವರ ಮುಂದೆ ಗೌಂಡಿ ಬಂದರು. ಆ ಹಳೆಯ ಗೌಂಡಿಯ ಮಗ. ಅಪ್ಪನದೇ ಮೂಗು. ಅಂಚಿಗೆ ಬಂದವನು ನೆಲ ನೋಡಿ ನಿಂತ. ಅಧ್ಯಕ್ಷರು ಹಿಂದಿನಿಂದ, "ನಡೀ ನಡೀ, ಮುಹೂರ್ತ ಮೀರತೈತಿ," ಎಂದರು. ಅವನು ನಡೆಯಲಿಲ್ಲ. ಮೆಲ್ಲಗೆ ಚಪ್ಪಲಿ ಕಳಚಿದ.

"ಯಾರ್ರಿ ಸಾರಿಸಿದವರು?" ಎಂದು ಕೇಳಿದ.

ಉಷಾ ಎದ್ದು ನಿಂತಳು. ಮೊಣಕೈ ತನಕ ಸಗಣಿಯಾಗಿದ್ದ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. ಬೆಳಗಾವಿಯ ಕ್ಲಬ್ಬಿನ ಹುಡುಗಿ, ಮಾಮಲೇದಾರರ ಮಗಳು, ನಮ್ಮ ಭಾಷೆಯಲ್ಲೇ ಹೇಳಿದಳು:

"ಇನ್ನೂ ಹಸಿ ಐತ್ರಿ. ನಾಳೆ ಬರ್ರಿ."